‘ನಿಮ್ಮನೇಲೂ ಹಾಗೇನಾ?’

ಅಕ್ಕನ ಮಗಳಿಗೆ ಆಗ ಹನ್ನೊಂದು ವರ್ಷ. ತುಮಕೂರಿನ ಛತ್ರವೊಂದರಲ್ಲಿ ನಮ್ಮ ದೊಡ್ಡಮ್ಮನ ಮೊಮ್ಮಗನ ಮದುವೆ. ಬಾಗಿಲಲ್ಲಿ ನಿಂತು ಪನ್ನೀರು ಚಿಮುಕಿಸಿ, ಕಲ್ಲುಸಕ್ಕರೆ ತಟ್ಟೆ ಹಿಡಿಯುವ ಕೆಲಸ ಅವಳ ಪಾಲಿಗೆ ಬಂತು. ಜರಿ ಲಂಗ ತೊಟ್ಟು, ಮೊಗ್ಗಿನ ಜಡೆ ಹಾಕಿಸಿಕೊಂಡು ಬೆಳಿಗ್ಗೆ ಏಳೂವರೆಯಿಂದ ಹತ್ತೂವರೆಯವರೆಗೆ ಅಲ್ಲಿಯೇ ನಿಂತಿದ್ದಳು. ಬಂದವರಿಗೆಲ್ಲ ನಗು, ಬಂದವರಿಗೆಲ್ಲ ‘ಬನ್ನಿ, ತಿಂಡಿ ಆಯ್ತಾ?’ ಎಂಬ ಉಪಚಾರ. ‘ಎಷ್ಟು ಚೂಟಿ! ಒಳ್ಳೆ ಹುಡುಗಿ ಕಣೇ ನಿನ್ನ ಮಗಳು’ ಎಂದು ನೆಂಟರೆಲ್ಲ ಅಕ್ಕನಿಗೆ ಹೇಳಿಹೋದರು. ಮನೆಗೆ ಬಂದವಳೇ ಲಂಗ ಕಿತ್ತೆಸೆದು ಮಂಚದ ಕೆಳಗೆ ಸೇರಿದಳು. ಹಳೇ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡಳು. ಮರುದಿನ ಮಧ್ಯಾಹ್ನದವರೆಗೆ ಒಂದು ಮಾತಿಲ್ಲ, ಒಂದು ತುತ್ತಿಲ್ಲ.

‘ದೃಷ್ಟಿಯಾಗಿದೆ’ ಎಂದು ನಮ್ಮಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ‘ಸುಸ್ತಾಗಿರಬೇಕು’ ಎಂದರು ಭಾವ. ‘ಹಠ, ಇನ್ನೇನು’ ಎಂದಳು ಅಕ್ಕ. ಆಟಿಸಂ ಎಂಬ ಮಾತನ್ನು ವೈದ್ಯರ ಬಾಯಿಂದ ಕೇಳಿದ್ದು ಮೂರು ವರ್ಷ ಕಳೆದ ಮೇಲೆ, ಅವಳಿಗೆ ಹದಿನಾಲ್ಕಾದಾಗ. ಅದಾದ ಎಷ್ಟೋ ದಿನಕ್ಕೆ ಒಮ್ಮೆ ಅವಳೇ ಹೇಳಿದಳು: ‘ಚಿಕ್ಕಮ್ಮ, ಆವತ್ತು ಒಬ್ಬೊಬ್ಬರಿಗೂ ಮೂರು ಎಣಿಸೋವರೆಗೆ ನಗ್ತಿದ್ದೆ. ನಾಲ್ಕು ಎಣಿಸಿದ್ರೆ ಜಾಸ್ತಿ ಆಗತ್ತೆ. ದೊಡ್ಡಕ್ಕನ್ನ ನೋಡಿ ಕಲ್ತಿದ್ದೆ. ಓಲಗ ಕಿವಿಯೊಳಗೆ ಮೊಳೆ ಹೊಡೆದ ಹಾಗೆ ಆಗ್ತಿತ್ತು.’

ಇನ್ನೂರು ಜನರಿಗೆ ಮೂರು ಮೂರು ಎಣಿಸಿ ನಕ್ಕ ಮಗುವನ್ನು ನಾವೆಲ್ಲ ಮೆಚ್ಚಿಕೊಂಡು ಊಟ ಮಾಡಿ ಬಂದಿದ್ದೆವು. ಅದೇ ಜಾಗದಲ್ಲಿ ಹುಡುಗನೊಬ್ಬ ಕಿವಿ ಮುಚ್ಚಿಕೊಂಡು ಕಿರುಚಿ ಓಡಿಹೋಗಿದ್ದರೆ ಯಾರಾದರೂ ಒಬ್ಬರು ‘ಡಾಕ್ಟರಿಗೆ ತೋರಿಸಿದ್ದೀರಾ?’ ಎಂದು ಕೇಳಿರುತ್ತಿದ್ದರು. ಹುಡುಗಿಯಾದ್ದರಿಂದ, ಅವಳು ಸುಮ್ಮನಿದ್ದುದರಿಂದ, ಯಾರೂ ಕೇಳಲಿಲ್ಲ. ಒಳ್ಳೆ ಹುಡುಗಿ ಎಂಬ ನಮ್ಮ ಹೊಗಳಿಕೆಯ ಹಿಂದೆಯೇ ಇಂಥ ಮಕ್ಕಳು ಕಣ್ಮರೆಯಾಗುತ್ತಾರೆ. ಅವರನ್ನು, ಅವರ ಅಮ್ಮಂದಿರನ್ನು ಮತ್ತೆ ಒಬ್ಬರಿಗೊಬ್ಬರು ಕಾಣುವ ಹಾಗೆ ಮಾಡುವ ಚಿಕ್ಕ ಚಿಕ್ಕ ಗುಂಪುಗಳ ಬಗ್ಗೆ ಈ ಲೇಖನ.

ಹನ್ನೊಂದರಲ್ಲಿ ಮೂರು

ಹುಡುಗಿಯರು ತಪ್ಪಿಹೋದ ಕತೆ ಹಳೆಯದು. 1943ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ ಆಟಿಸಂ ಕುರಿತು ಬರೆದ ಪ್ರಸಿದ್ಧ ಪ್ರಬಂಧದಲ್ಲಿ 11 ಮಕ್ಕಳಿದ್ದರು. ಅವರಲ್ಲಿ ಹುಡುಗಿಯರು ಮೂವರೇ. ಮರುವರ್ಷ ವಿಯೆನ್ನಾದ ಹ್ಯಾನ್ಸ್ ಆಸ್ಪರ್ಗರ್ ವಿವರಿಸಿದ ನಾಲ್ಕು ಮಕ್ಕಳೂ ಹುಡುಗರು. ಇವರಿಬ್ಬರಿಗಿಂತ ಹದಿನೈದು ವರ್ಷಕ್ಕೂ ಹೆಚ್ಚು ಮೊದಲೇ ಮಾಸ್ಕೋದಲ್ಲಿ ಗ್ರೂನ್ಯಾ ಸುಖರೇವಾ ಎಂಬ ವೈದ್ಯೆ ಇಂದು ನಾವು ಆಟಿಸಂ ಎನ್ನುವ ಲಕ್ಷಣಗಳನ್ನೇ ಆರು ಹುಡುಗರಲ್ಲಿ ಗುರುತಿಸಿ ಬರೆದಿದ್ದರು. 1927ರಲ್ಲಿ ಹುಡುಗಿಯರ ಬಗ್ಗೆಯೇ ಬೇರೆ ಪ್ರಬಂಧ ಬರೆದು, ಅವರಲ್ಲಿ ಇದು ಬೇರೆ ರೀತಿ ತೋರುತ್ತದೆ ಎಂದು ದಾಖಲಿಸಿದರು. ಆ ಪ್ರಬಂಧ ಇಂಗ್ಲಿಷಿಗೆ ಬರಲು ತೊಂಬತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು.

ಅಷ್ಟರಲ್ಲಿ ಆಟಿಸಂ ಎಂದರೆ ಗಂಡುಮಕ್ಕಳದು ಎಂಬ ನಂಬಿಕೆ ಊರಿಬಿಟ್ಟಿತ್ತು. 1981ರಲ್ಲಿ ಬ್ರಿಟನ್ನಿನ ಮನೋವೈದ್ಯೆ ಲೋರ್ನಾ ವಿಂಗ್ ಒಂದು ವಿಚಿತ್ರ ಲೆಕ್ಕ ಮುಂದಿಟ್ಟರು. ತೀವ್ರ ಬೌದ್ಧಿಕ ಅಂಗವೈಕಲ್ಯವೂ ಇರುವ ಮಕ್ಕಳಲ್ಲಿ ಒಬ್ಬ ಹುಡುಗಿಗೆ ಇಬ್ಬರು ಹುಡುಗರು. ಆದರೆ ಚೆನ್ನಾಗಿ ಮಾತಾಡುವ, ಓದುವ ಮಕ್ಕಳಲ್ಲಿ ಒಬ್ಬ ಹುಡುಗಿಗೆ ಹದಿನೈದು ಹುಡುಗರು! ಮಾತು ಬರುವ, ಅಂಕ ಪಡೆಯುವ ಹುಡುಗಿಯರು ಎಲ್ಲಿ ಹೋದರು? 2017ರಲ್ಲಿ 54 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಲಂಡನ್ನಿನ ಸಂಶೋಧಕರಿಗೆ ಕಂಡ ಅನುಪಾತ ಮೂರಕ್ಕೆ ಒಂದರ ಹತ್ತಿರ. ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸದೆ ಊರಿನ ಮಕ್ಕಳನ್ನೆಲ್ಲ ಪರೀಕ್ಷಿಸಿದಾಗ ಹುಡುಗಿಯರು ಹೆಚ್ಚು ಸಿಕ್ಕಿದ್ದರು. ಅವರು ಮೊದಲಿಂದಲೂ ಇದ್ದರು, ಹುಡುಕಿದವರಿರಲಿಲ್ಲ.

ನಮ್ಮ ದೇಶದಲ್ಲೂ ಆಟಿಸಂ ಅಪರೂಪವಲ್ಲ. ಐದು ಕಡೆ ನಡೆದು 2018ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯ ಪ್ರಕಾರ 2ರಿಂದ 9 ವರ್ಷದ ಮಕ್ಕಳಲ್ಲಿ ಸರಿಸುಮಾರು ನೂರಕ್ಕೆ ಒಬ್ಬರಿಗೆ ಆಟಿಸಂ ಇದೆ. ಇಲ್ಲಿ ಪ್ರಮಾಣಪತ್ರಕ್ಕೆ ಬಳಸುವ ಭಾರತೀಯ ಅಳತೆಪಟ್ಟಿಯಲ್ಲಿ 40 ಅಂಶಗಳಿವೆ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದನ್ನು, ಸರಿಯಾದ ಹೊತ್ತಿಗೆ ನಗುವುದನ್ನು ಕಂಠಪಾಠ ಮಾಡಿಕೊಂಡ ಹುಡುಗಿ ಅಂಥ ಅಂಶಗಳಲ್ಲಿ ‘ತೊಂದರೆಯಿಲ್ಲ’ ಎನಿಸಿಕೊಂಡು ಹೊರಬಂದರೆ ಆಶ್ಚರ್ಯವಿಲ್ಲ.

ಬಣ್ಣ ಇಳಿಸುವ ಚೌಕಿ

ಹೀಗೆ ನೋಡಿ ಕಲಿತು, ಎಣಿಸಿ ನಗುವುದಕ್ಕೆ ಸಂಶೋಧಕರು ‘ಮರೆಮಾಚುವಿಕೆ’ ಎನ್ನುತ್ತಾರೆ. ಸಂಶೋಧಕಿ ಲಾರಾ ಹಲ್ ಮತ್ತು ಅವರ ಸಂಗಡಿಗರು ಇದನ್ನು ಅಳೆಯಲು 25 ಪ್ರಶ್ನೆಗಳ ಪಟ್ಟಿಯನ್ನೇ ರೂಪಿಸಿದ್ದಾರೆ. ಬೇರೆಯವರ ಮಾತಿನ ಧಾಟಿಯನ್ನು ನಕಲು ಮಾಡುವುದು, ಮಾತಿಗೆ ಮೊದಲೇ ಸಂಭಾಷಣೆ ಸಿದ್ಧಮಾಡಿಕೊಳ್ಳುವುದು, ಕೈ ಅಲ್ಲಾಡಿಸುವ ಆಸೆಯನ್ನು ಒಳಗೇ ಹಿಡಿದಿಟ್ಟುಕೊಳ್ಳುವುದು, ಮನಸ್ಸಿಲ್ಲದಿದ್ದರೂ ಗುಂಪಿನಲ್ಲಿ ಒಂದಾಗಿ ನಿಲ್ಲುವುದು, ಎಲ್ಲವೂ ಇದರೊಳಗೇ ಬರುತ್ತವೆ. ಹುಡುಗರೂ ಇದನ್ನು ಮಾಡುತ್ತಾರೆ, ಹುಡುಗಿಯರಲ್ಲಿ ಹೆಚ್ಚು. ಇದಕ್ಕೆ ತೆರುವ ಬೆಲೆಯೂ ದೊಡ್ಡದು: ಆತಂಕ, ಖಿನ್ನತೆ, ತಾನು ಯಾರೆಂಬುದೇ ತಿಳಿಯದಂಥ ಬಳಲಿಕೆ.

ಯಕ್ಷಗಾನದ ವೇಷಧಾರಿ ರಾತ್ರಿಯಿಡೀ ಕುಣಿದು ಬೆಳಗಾಗುವ ಹೊತ್ತಿಗೆ ಚೌಕಿಗೆ ಬರುತ್ತಾನೆ. ಕಿರೀಟ ಬಿಚ್ಚುತ್ತಾನೆ, ಬಣ್ಣ ಒರೆಸುತ್ತಾನೆ, ಗೋಡೆಗೊರಗಿ ಚಹಾ ಕುಡಿಯುತ್ತಾನೆ. ಅಲ್ಲಿ ಯಾರೂ ಅವನಿಂದ ಅರ್ಥಗಾರಿಕೆ ಬಯಸುವುದಿಲ್ಲ. ಇಡೀ ದಿನ ರಂಗದ ಮೇಲಿರುವ ನಮ್ಮ ಹುಡುಗಿಯರಿಗೆ ಅಂಥದೊಂದು ಚೌಕಿಯೇ ಇಲ್ಲ. ಅಕ್ಕನ ಮಗಳು ಮಂಚದ ಕೆಳಗೆ ಹುಡುಕಿಕೊಂಡದ್ದು ಅದನ್ನೇ. ಗುಂಪು ಎಂದರೆ ಮಂಚದ ಕೆಳಗಿನ ಆ ಕತ್ತಲನ್ನು ನಾಲ್ಕು ಜನ ಸೇರುವ ಕೋಣೆಯನ್ನಾಗಿ ಮಾಡುವುದು.

ಈ ತಿಳಿವಳಿಕೆ ಮೊದಲು ಬಂದದ್ದು ಆಟಿಸಂ ಇರುವವರಿಂದಲೇ. ಅಮೆರಿಕದಲ್ಲಿ 1992ರಲ್ಲಿ ಜಿಮ್ ಸಿಂಕ್ಲೇರ್ ಮತ್ತು ಗೆಳೆಯರು ತಮ್ಮದೇ ಒಂದು ಬಳಗ ಕಟ್ಟಿದರು. 1996ರಿಂದ ಹಲವು ವರ್ಷ ‘ಆಟ್ರೀಟ್’ ಎಂಬ ಶಿಬಿರ ನಡೆಸಿದರು. ಅಲ್ಲಿ ಹುಟ್ಟಿದ ಬಣ್ಣದ ಬ್ಯಾಡ್ಜ್‌ನ ಪದ್ಧತಿ ಇಂದು ಎಲ್ಲೆಡೆ ಹಬ್ಬಿದೆ. ಹಸಿರು ತೊಟ್ಟರೆ ‘ನನ್ನನ್ನು ಮಾತಾಡಿಸಿ’, ಹಳದಿ ತೊಟ್ಟರೆ ‘ಪರಿಚಯದವರು ಮಾತ್ರ’, ಕೆಂಪು ತೊಟ್ಟರೆ ‘ಸದ್ಯ ಬೇಡ’. ಬೇಡ ಎನ್ನುವುದು ಅಲ್ಲಿ ಒರಟುತನವೂ ಅಲ್ಲ, ತಪ್ಪೂ ಅಲ್ಲ.

ಹೆಣ್ಣುಮಕ್ಕಳಿಗಾಗಿಯೇ ಗುಂಪುಗಳು ಬಂದದ್ದು ಈಚೆಗೆ. ಅಮೆರಿಕದಲ್ಲಿ 2009ರಲ್ಲಿ ಆಟಿಸಂ ಇರುವ ಮಹಿಳೆಯರ ಜಾಲವೊಂದು ಶುರುವಾಯಿತು. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 2014ರಲ್ಲಿ ಕೇಟಿ ಕೂಲಾಸ್ ಎಂಬ ತಾಯಿ ಹುಡುಗಿಯರಿಗಾಗಿ ‘ಯೆಲ್ಲೊ ಲೇಡಿಬಗ್ಸ್’ ಆರಂಭಿಸಿದರು. ಲೇಡಿಬಗ್, ಅಂದರೆ ಗುಲಗಂಜಿ ಹುಳು, ಕೆಂಪಗಿರುತ್ತದೆ ಎಂದೇ ನಮ್ಮೆಲ್ಲರ ನಂಬಿಕೆ, ಆದರೆ ಹಳದಿಯವೂ ಇವೆ. ಅಲ್ಲಿ ಪಾಠವಿಲ್ಲ, ಥೆರಪಿಯಿಲ್ಲ. ಸದ್ದು ತಗ್ಗಿಸಿದ ಜಾಗದಲ್ಲಿ ಹುಡುಗಿಯರು ತಮ್ಮ ಪಾಡಿಗೆ ತಾವು ಆಡುತ್ತಾರೆ, ಜೊತೆಗೆ ಬಂದ ಅಮ್ಮ ಅಪ್ಪಂದಿರು ಪರಿಚಯವಾಗುತ್ತಾರೆ.

ಕಾನ್ಸಾಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದ ‘ಗರ್ಲ್ಸ್ ನೈಟ್ ಔಟ್’ ಕಾರ್ಯಕ್ರಮದ ದಾರಿ ಬೇರೆ. ಹರೆಯದ ಹುಡುಗಿಯರು ಸಮವಯಸ್ಕ ಗೆಳತಿಯರ ಜೊತೆ ಹೋಟೆಲ್ಲಿಗೆ, ಕೂದಲು ಕತ್ತರಿಸುವ ಅಂಗಡಿಗೆ ಹೋಗಿ ಅಲ್ಲಲ್ಲೇ ಬೇಕಾದ್ದನ್ನು ಕಲಿಯುತ್ತಾರೆ. ಸಣ್ಣ ಅಧ್ಯಯನವೇ ಆದರೂ ಹುಡುಗಿಯರ ಆತ್ಮವಿಶ್ವಾಸ ಹೆಚ್ಚಿದ್ದು ಕಂಡುಬಂತು. ಇಂಗ್ಲೆಂಡಿನ ಸರ್ರೆಯಲ್ಲಿ ಇಂಥ ಹುಡುಗಿಯರಿಗೆಂದೇ ಲಿಂಪ್ಸ್‌ಫೀಲ್ಡ್ ಗ್ರೇಂಜ್ ಎಂಬ ಸರ್ಕಾರಿ ವಸತಿಶಾಲೆಯಿದೆ. ಅಲ್ಲಿನ ವಿದ್ಯಾರ್ಥಿನಿಯರು ಲೇಖಕಿ ವಿಕಿ ಮಾರ್ಟಿನ್ ಜೊತೆ ಸೇರಿ 2015ರಲ್ಲಿ ‘ಎಂ ಈಸ್ ಫಾರ್ ಆಟಿಸಂ’ ಎಂಬ ಪುಸ್ತಕ ತಂದರು. ತಮ್ಮ ಬಗ್ಗೆ ವೈದ್ಯರು ಬರೆದದ್ದನ್ನು ಓದಿ ಬೆಳೆದ ಮಕ್ಕಳು ತಮ್ಮ ಕತೆಯನ್ನು ತಾವೇ ಬರೆದರು.

‘ಆಟಿಸಂ ಇರುವವರಿಗೆ ಒಬ್ಬರ ಮನಸ್ಸು ಒಬ್ಬರಿಗೆ ತಿಳಿಯುವುದಿಲ್ಲ, ಅವರನ್ನೇ ಒಟ್ಟು ಸೇರಿಸಿ ಏನು ಪ್ರಯೋಜನ?’ ಎಂದು ಕೇಳುವವರಿದ್ದಾರೆ. ತಿಳಿಯದಿರುವುದು ಎರಡೂ ಕಡೆಯ ಕೊರತೆ ಎಂದು 2012ರಲ್ಲಿ ವಾದಿಸಿದವರು ಬ್ರಿಟನ್ನಿನ ಡೇಮಿಯನ್ ಮಿಲ್ಟನ್. ಸ್ವತಃ ಆಟಿಸಂ ಇರುವ ಸಮಾಜಶಾಸ್ತ್ರಜ್ಞ. ಎಡಿನ್‌ಬರ್ಗ್‌ನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 72 ಜನ ಎಂಟೆಂಟು ಮಂದಿಯ ಸಾಲಾಗಿ ಒಬ್ಬರಿಂದೊಬ್ಬರಿಗೆ ಕತೆ ದಾಟಿಸಿದರು. ಆಟಿಸಂ ಇರುವವರದ್ದೇ ಸಾಲಿನಲ್ಲಿ ಕತೆ ಉಳಿದವರ ಸಾಲಿನಷ್ಟೇ ಚೆನ್ನಾಗಿ ಕೊನೆ ಮುಟ್ಟಿತು, ಬೆರಕೆ ಸಾಲಿನಲ್ಲಿ ಹೆಚ್ಚು ಸೋರಿಹೋಯಿತು. ಮುಂದೆ 311 ಜನರೊಂದಿಗೆ ಇದನ್ನೇ ಮಾಡಿದಾಗ ಬೆರಕೆ ಸಾಲೂ ಹಿಂದೆ ಬೀಳಲಿಲ್ಲ. ಆದರೆ ಎರಡು ಸಲವೂ ಆಟಿಸಂ ಇರುವವರ ಸಾಲು ಯಾರಿಗೂ ಕಡಿಮೆಯಾಗಲಿಲ್ಲ.

ಅಡುಗೆಮನೆಯಲ್ಲಿ ಅಮ್ಮಂದಿರು

ಅಕ್ಕ ಈಗ ಹೋಗುವ ಗುಂಪು ಮೈಸೂರಿನ ಒಂದು ಮನೆಯಲ್ಲಿ ಭಾನುವಾರ ಮಧ್ಯಾಹ್ನ ಸೇರುತ್ತದೆ. ಐದಾರು ಹುಡುಗಿಯರು, ಅವರ ಮನೆಯವರು. ಹಾಲ್‌ನಲ್ಲಿ ಟ್ಯೂಬ್‌ಲೈಟ್ ಹಾಕುವುದಿಲ್ಲ, ಕಿಟಕಿಯ ಬೆಳಕೇ ಸಾಕು. ಕುಕ್ಕರ್ ಕೂಗಿಸುವಂತಿಲ್ಲ, ಮಿಕ್ಸಿ ಮೊದಲೇ ಇಲ್ಲ. ನೆಲದ ಮೇಲೆ ಚಾಪೆ, ಮಣಿ ಪೋಣಿಸುವ ಡಬ್ಬಿ, ಬಣ್ಣದ ಪೆನ್ಸಿಲ್ಲು. ಮೂಲೆಯಲ್ಲಿ ದಪ್ಪ ಪರದೆ ಕಟ್ಟಿದ ಒಂದು ಜಾಗ. ಯಾರು ಬೇಕಾದರೂ ಒಳಗೆ ಹೋಗಬಹುದು, ಏಕೆಂದು ಯಾರೂ ಕೇಳುವುದಿಲ್ಲ. ಬ್ಯಾಡ್ಜ್‌ನ ಬದಲು ಬಣ್ಣದ ಬಳೆ ಇಡೋಣ ಎಂದು ಅಮ್ಮಂದಿರು ಯೋಚಿಸಿದ್ದರು. ‘ಬಳೆ ಸದ್ದು ಮಾಡತ್ತೆ, ಬೇಡ’ ಎಂದವಳು ಅಕ್ಕನ ಮಗಳೇ. ಈಗ ಕೂದಲಿಗೆ ಹಾಕುವ ಬಟ್ಟೆಯ ರಬ್ಬರ್ ಬ್ಯಾಂಡುಗಳಿವೆ, ಹಸಿರು, ಹಳದಿ, ಕೆಂಪು. ಬಂದವರು ಬೇಕಾದ್ದನ್ನು ಮಣಿಕಟ್ಟಿಗೆ ಹಾಕಿಕೊಳ್ಳುತ್ತಾರೆ. ಒಬ್ಬಳು ಮೈಸೂರಿನಿಂದ ಹೊರಡುವ ರೈಲುಗಳ ವೇಳೆಯನ್ನೆಲ್ಲ ಹೇಳುತ್ತಾಳೆ, ಇನ್ನೊಬ್ಬಳು ಬೆಕ್ಕು ಮಾತ್ರ ಬರೆಯುತ್ತಾಳೆ. ‘ಸಾಕು ನಿಲ್ಸು’ ಎನ್ನುವವರಿಲ್ಲ.

ಅಡುಗೆಮನೆಯಲ್ಲಿ ಕಾಫಿಯ ಜೊತೆ ಇನ್ನೊಂದು ಗುಂಪು. ಅಕ್ಕ ಮೊದಲ ದಿನ ಮಾತೇ ಆಡದೆ ಕೂತಿದ್ದಳಂತೆ. ಒಬ್ಬರು, ‘ನಮ್ಮವಳು ಸ್ಕೂಲಲ್ಲಿ ಬಂಗಾರ ಕಣ್ರೀ, ಮನೆಗೆ ಬಂದು ಬ್ಯಾಗ್ ಇಟ್ಟ ತಕ್ಷಣ ಅಳೋಕೆ ಶುರು. ಮಿಸ್ಸಿಗೆ ಹೇಳಿದ್ರೆ ನಂಬೋದೇ ಇಲ್ಲ’ ಎಂದರು. ಅಕ್ಕನ ಬಾಯಿಂದ ಬಂದದ್ದು ಇಷ್ಟೇ: ‘ನಿಮ್ಮನೇಲೂ ಹಾಗೇನಾ?’ ಆಮೇಲೆ ಒಂದು ಗಂಟೆ ಅವಳ ಮಾತು ನಿಲ್ಲಲಿಲ್ಲ.

ಅಮ್ಮಂದಿರು ಹೀಗೆ ಒಂದಾಗುವುದಕ್ಕೆ ದೊಡ್ಡ ಚರಿತ್ರೆಯೇ ಇದೆ. ಇಪ್ಪತ್ತನೇ ಶತಮಾನದ ನಡುವಿನಲ್ಲಿ ಪಶ್ಚಿಮದ ತಜ್ಞರು ತಾಯಿಯ ತಣ್ಣನೆಯ ಮನಸ್ಸೇ ಆಟಿಸಂಗೆ ಕಾರಣ ಎಂದು ದೂರಿದ್ದರು. ಬ್ರೂನೊ ಬೆಟಲ್‌ಹೈಮ್ 1967ರ ತಮ್ಮ ಪುಸ್ತಕದಲ್ಲಿ ಅದನ್ನೇ ಊರಿಗೆಲ್ಲ ಸಾರಿದರು. ಅದನ್ನು ಎದುರಿಸಿ ನಿಂತವರು ಹೆತ್ತವರೇ. 1962ರಲ್ಲಿ ಬ್ರಿಟನ್ನಿನ ಪೋಷಕರು ಸಂಘ ಕಟ್ಟಿದರು. ಹುಡುಗಿಯರ ಲೆಕ್ಕ ಕೇಳಿದ ಲೋರ್ನಾ ವಿಂಗ್ ಅದರ ಸ್ಥಾಪಕರಲ್ಲೊಬ್ಬರು. ಆಕೆಯ ಮಗಳು ಸೂಸಿಗೂ ಆಟಿಸಂ ಇತ್ತು. 1965ರಲ್ಲಿ ಅಮೆರಿಕದಲ್ಲಿ ಬರ್ನಾರ್ಡ್ ರಿಮ್ಲ್ಯಾಂಡ್ ಎಂಬ ತಂದೆ, ರೂತ್ ಸಲಿವನ್ ಎಂಬ ತಾಯಿ ಸೇರಿ ಅಂಥದೇ ಸಂಘ ಕಟ್ಟಿದರು. ನಮ್ಮಲ್ಲಿ 1991ರಲ್ಲಿ ದೆಹಲಿಯ ‘ಆಕ್ಷನ್ ಫಾರ್ ಆಟಿಸಂ’ ಸ್ಥಾಪಿಸಿದ ಮೆರಿ ಬರುವಾ ಕೂಡ ಒಬ್ಬ ತಾಯಿ. ಅಲ್ಲಿನ ಮೂರು ತಿಂಗಳ ತರಬೇತಿಯಲ್ಲಿ ಪೋಷಕರು ಮಗುವಿನ ಜೊತೆಯಲ್ಲೇ ಕೂತು ಕಲಿಯುತ್ತಾರೆ, ಅದಕ್ಕಾಗಿ ದೂರದೂರುಗಳಿಂದ ಬಂದು ಬಾಡಿಗೆ ಕೋಣೆ ಹಿಡಿಯುತ್ತಾರೆ.

ತಾಯಿಯನ್ನು ದೂರುವ ಮಾತು ನಮ್ಮ ಮನೆಗಳಲ್ಲಿ ಇನ್ನೂ ಸತ್ತಿಲ್ಲ. ‘ಬಸುರಿಯಾಗಿದ್ದಾಗ ಏನು ತಿಂದಳೋ’, ‘ಕೆಲಸಕ್ಕೆ ಹೋದದ್ದಕ್ಕೇ ಹೀಗಾಯ್ತು’, ‘ಮೊಬೈಲ್ ಕೊಟ್ಟು ಕೆಡಿಸಿದಳು’. ಹೆಣ್ಣುಮಗುವಾದರೆ ಇದರ ಜೊತೆ ಇನ್ನೊಂದು: ‘ಹೊರಗೆ ಹೇಳಬೇಡ, ನಾಳೆ ಮದುವೆ ಆಗಬೇಕಲ್ಲ.’ ಈ ಬಾಯಿ ಮುಚ್ಚಿಸುವ ಮಾತಿಗೆ ಅಡುಗೆಮನೆಯ ಆ ಒಂದು ಪ್ರಶ್ನೆಗಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ದೊಡ್ಡವಳಾದಾಗ

ಹುಡುಗಿಯರಿಗೆ ಬೇರೆ ಗುಂಪು ಏಕೆ ಎನ್ನುವುದಕ್ಕೆ ಮುಟ್ಟು ಒಂದೇ ಸಾಕು ಕಾರಣ. ರಕ್ತ ಕಂಡು ಗಾಯವಾಗಿದೆ ಎಂದು ಹೆದರುವ ಮಗು, ಪ್ಯಾಡಿನ ಪ್ಲಾಸ್ಟಿಕ್ ತಾಗಿದರೆ ಸಹಿಸದ ಮಗು, ‘ಯಾರಿಗೂ ಹೇಳಬಾರದು’ ಎಂದದ್ದು ಅರ್ಥವಾಗದೆ ಕ್ಲಾಸಿನಲ್ಲೇ ಹೇಳಿಬಿಡುವ ಮಗು. ಸಾಲದ್ದಕ್ಕೆ ಹಸೆಯ ಮೇಲೆ ಕೂರಿಸಿ ಆರತಿ, ಮನೆ ತುಂಬ ಜನ. ಅಮ್ಮಂದಿರು ಒಬ್ಬರಿಂದೊಬ್ಬರು ಕಲಿತದ್ದು ಬಹಳ: ಮೈನೆರೆಯುವ ಮೊದಲೇ ಪ್ಯಾಡ್ ತೊಟ್ಟು ಅಭ್ಯಾಸ ಮಾಡಿಸುವುದು, ಮೆತ್ತನೆ ಹತ್ತಿ ಬಟ್ಟೆಯದನ್ನು ಹುಡುಕುವುದು, ಕ್ಯಾಲೆಂಡರಿನಲ್ಲಿ ದಿನಕ್ಕೆ ಚುಕ್ಕೆ ಅಂಟಿಸುವುದು, ಬದಲಾಯಿಸುವ ಕ್ರಮವನ್ನು ಚಿತ್ರ ಬರೆದು ಬಚ್ಚಲಿನಲ್ಲಿ ತೂಗುಹಾಕುವುದು. ಬ್ರಿಟನ್ನಿನಲ್ಲಿ, ತಾವೇ ಆಟಿಸಂ ಇರುವ ರಾಬಿನ್ ಸ್ಟೂವರ್ಡ್ 2019ರಲ್ಲಿ ಈ ವಿಷಯಕ್ಕೇ ಒಂದು ಪುಸ್ತಕ ಬರೆದರು. ನಮ್ಮಲ್ಲಿ ಅದು ಇನ್ನೂ ಬಾಯಿಂದ ಬಾಯಿಗೆ ಹೋಗುವ ವಿದ್ಯೆ.

ಈ ವಿದ್ಯೆ ಇಲ್ಲದಾಗ ಏನಾಗುತ್ತದೆ ಎಂಬುದಕ್ಕೆ ನೋವಿನ ಸಾಕ್ಷಿಯಿದೆ. 1994ರಲ್ಲಿ ಪುಣೆಯಲ್ಲಿ, ಶಿರೂರಿನ ಸರ್ಕಾರಿ ಆಶ್ರಯಧಾಮದಲ್ಲಿದ್ದ ಬೌದ್ಧಿಕ ಅಂಗವೈಕಲ್ಯದ ಹೆಣ್ಣುಮಕ್ಕಳ ಗರ್ಭಕೋಶ ತೆಗೆಸಲಾಯಿತು. ಮುಟ್ಟಿನ ದಿನಗಳಲ್ಲಿ ನೋಡಿಕೊಳ್ಳುವುದು ಕಷ್ಟ ಎಂಬುದು ಕೊಟ್ಟ ಕಾರಣಗಳಲ್ಲೊಂದು. ದೇಶದ ಮಹಿಳಾ ಸಂಘಟನೆಗಳು ಸಿಡಿದೆದ್ದವು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 10ನೇ ಸೆಕ್ಷನ್, ತಿಳಿದು ಕೊಟ್ಟ ಒಪ್ಪಿಗೆಯಿಲ್ಲದೆ ಮಕ್ಕಳಾಗದಂತೆ ಮಾಡುವ ಯಾವ ಚಿಕಿತ್ಸೆಯನ್ನೂ ಮಾಡುವಂತಿಲ್ಲ ಎಂದು ಹೇಳುತ್ತದೆ. ಕಾನೂನು ಪುಸ್ತಕದಲ್ಲಿದೆ. ‘ಆಪರೇಷನ್ ಮಾಡಿಸಿಬಿಡಿ’ ಎಂಬ ಸಲಹೆ ನೆಂಟರಿಂದ ಬಂದಾಗ ಅದನ್ನು ತಾಯಿಗೆ ನೆನಪಿಸಲು ಪಕ್ಕದಲ್ಲಿ ಇನ್ನೊಬ್ಬ ತಾಯಿ ಬೇಕು.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ತಡವಾಗಿ ಆಟಿಸಂ ಗೊತ್ತಾದ 14 ಮಹಿಳೆಯರನ್ನು 2016ರಲ್ಲಿ ಬ್ರಿಟನ್ನಿನ ಸಂಶೋಧಕರು ಮಾತಾಡಿಸಿದಾಗ 9 ಜನ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದರು. ಎದುರಿನವರ ಇಂಗಿತ ತಿಳಿಯದಿರುವುದು ಒಂದು ಕಾರಣ, ಹೇಳಿದ ಮಾತು ಕೇಳಬೇಕು ಎಂದೇ ಬೆಳೆದದ್ದು ಇನ್ನೊಂದು. ಬೇಡ ಎನ್ನುವುದನ್ನು ಮಕ್ಕಳು ಎಲ್ಲಾದರೂ ಅಭ್ಯಾಸ ಮಾಡಬೇಕಲ್ಲ. ಕೆಂಪು ಬ್ಯಾಂಡ್ ತೊಟ್ಟ ಹುಡುಗಿಯನ್ನು ಎಲ್ಲರೂ ಸುಮ್ಮನೆ ಬಿಟ್ಟಾಗ, ತನ್ನ ‘ಬೇಡ’ಕ್ಕೆ ಬೆಲೆಯಿದೆ ಎಂದು ಅವಳಿಗೆ ತಿಳಿಯುತ್ತದೆ.

ಕಟ್ಟುವುದು ಹೇಗೆ?

ಗುಂಪು ಕಟ್ಟಲು ಕಟ್ಟಡ ಬೇಡ, ನಾಲ್ಕು ಮನೆಯವರು ಸಾಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್, ಜಿಲ್ಲೆಯ ಥೆರಪಿ ಕೇಂದ್ರಗಳ ಕಾರಿಡಾರುಗಳಲ್ಲಿ ತಾಸುಗಟ್ಟಲೆ ಕಾಯುವ ಅಮ್ಮಂದಿರು ಪಕ್ಕದವರನ್ನು ಮಾತಾಡಿಸಿದರೆ ಅಲ್ಲಿಗೆ ಶುರುವಾಯಿತು. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಒಂದು ಲಕ್ಷ ರೂಪಾಯಿವರೆಗಿನ ‘ನಿರಾಮಯ’ ಆರೋಗ್ಯ ವಿಮೆಯಿದೆ. ಮಗುವಿಗೆ 18 ತುಂಬಿದ ಮೇಲೆ ಅಗತ್ಯವಿದ್ದರೆ ಪೋಷಕತ್ವಕ್ಕೆ ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿಯ ಮುಂದೆ ಅರ್ಜಿ ಹಾಕಬಹುದು. ಇವೆಲ್ಲ ಒಬ್ಬರಿಗೆ ಗೊತ್ತಾದರೆ ಗುಂಪಿಗೆಲ್ಲ ಗೊತ್ತಾದಂತೆ.

ಅಪ್ಪಂದಿರನ್ನು ಬಾಗಿಲಲ್ಲೇ ಬಿಡಬಾರದು. ಭಾವ ಮೊದಲು ಸ್ಕೂಟರಿನಲ್ಲಿ ಇಳಿಸಿ ಹೋಗುತ್ತಿದ್ದರು, ಈಗ ಇನ್ನಿಬ್ಬರು ಅಪ್ಪಂದಿರ ಜೊತೆ ಜಗಲಿಯಲ್ಲಿ ಕೂರುತ್ತಾರೆ. ಅಣ್ಣ ತಮ್ಮ, ಅಕ್ಕ ತಂಗಿಯರಿಗೂ ಅವರದೇ ಸಂಕಟಗಳಿರುತ್ತವೆ. ಅಮೆರಿಕದಲ್ಲಿ ಡಾನ್ ಮೆಯರ್ 1980ರ ದಶಕದಲ್ಲೇ ಅವರಿಗಾಗಿ ‘ಸಿಬ್‌ಶಾಪ್’ ಎಂಬ ಆಟದ ಕೂಟಗಳನ್ನು ಶುರುಮಾಡಿದ್ದರು.

ಎರಡು ಎಚ್ಚರಿಕೆ ಮಾತ್ರ ಬೇಕು. ಮೊದಲನೆಯದು, ವಾಸಿಮಾಡುತ್ತೇವೆ ಎಂದು ಬರುವವರನ್ನು ಒಳಗೆ ಬಿಡಬಾರದು. ಪೋಷಕರು ಸೇರುವ ಕಡೆ ಪುಡಿ, ಪಥ್ಯ, ಸ್ಟೆಮ್ ಸೆಲ್ ಮಾರುವವರೂ ಬರುತ್ತಾರೆ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಎರಡನೆಯದು, ಗುಂಪನ್ನು ಇನ್ನೊಂದು ಟ್ಯೂಷನ್ ಮಾಡಬಾರದು. ಸರಿಯಾಗಿ ಕೂರು, ಕಣ್ಣು ನೋಡಿ ಮಾತಾಡು, ಎಲ್ಲರಿಗೂ ಹಲೋ ಹೇಳು ಎಂದು ಅಲ್ಲೂ ಶುರುಮಾಡಿದರೆ ಚೌಕಿ ಹೋಗಿ ಮತ್ತೊಂದು ರಂಗಸ್ಥಳವಾಗುತ್ತದೆ.

ಕಳೆದ ತಿಂಗಳು ಒಂದು ಭಾನುವಾರ ನಾನೂ ಹೋಗಿದ್ದೆ. ಹೊಸ ಹುಡುಗಿಯೊಬ್ಬಳು ಮೂರು ವಾರದಿಂದ ಬಂದು ಗೇಟಿನ ಹೊರಗೆ ಆಟೊದಲ್ಲೇ ಕೂತು ವಾಪಸ್ ಹೋಗುತ್ತಿದ್ದಳಂತೆ. ಆ ದಿನ ಒಳಗೆ ಬಂದು, ಕೆಂಪು ಬ್ಯಾಂಡ್ ಹಾಕಿಕೊಂಡು, ಚಾಪೆಯ ತುದಿಯಲ್ಲಿ ಕೂತಳು. ಯಾರೂ ಹೆಸರು ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅಕ್ಕನ ಮಗಳು ತಲೆಯೆತ್ತದೆ, ನಗದೆ, ಮಣಿ ಡಬ್ಬಿಯನ್ನು ಅವಳ ಕಡೆ ಒಂದು ಗೇಣು ತಳ್ಳಿದಳು. ಒಂದೂವರೆ ತಾಸು ಇಬ್ಬರೂ ಮಾತಿಲ್ಲದೆ ಮಣಿ ಪೋಣಿಸಿದರು.

ಹಿಂದಿರುಗುವಾಗ ಕೇಳಿದೆ: ‘ಯಾರೇ ಅದು, ಹೊಸಬಳು?’

‘ಗೊತ್ತಿಲ್ಲ ಚಿಕ್ಕಮ್ಮ. ಅವಳಿಗೆ ನೀಲಿ ಮಣಿ ಇಷ್ಟ. ಮುಂದಿನ ವಾರಕ್ಕೆ ಇನ್ನೊಂದಿಷ್ಟು ನೀಲಿ ತರಬೇಕು.’